ಹಸುಗೂಸಿಗೆ ಎಷ್ಟು ಮಿಲಿಗ್ರಾಂ?

ಮೆಡಿಕಲ್ ಶಾಪಿನವರು ಮಾತ್ರೆಯ ಹಾಳೆಯನ್ನು ಕತ್ತರಿಸಿ, ಕವರಿನ ಮೇಲೆ 1–0–1 ಎಂದು ಗೀಚಿ ಕೊಡುತ್ತಾರೆ. ನಾವು ಬೆಲೆ ಕೇಳುತ್ತೇವೆ, ಎಕ್ಸ್‌ಪೈರಿ ದಿನಾಂಕ ನೋಡುತ್ತೇವೆ, ಊಟಕ್ಕೆ ಮುಂಚೆಯೋ ಆಮೇಲೋ ಎಂದು ವಿಚಾರಿಸುತ್ತೇವೆ. 500 ಮಿಲಿಗ್ರಾಮೇ ಯಾಕೆ, 400 ಯಾಕಲ್ಲ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಆ ಸಂಖ್ಯೆ ಮಾತ್ರೆಯ ಜೊತೆಗೇ ಹುಟ್ಟಿಬಂದದ್ದು ಎಂಬಂತೆ ಒಪ್ಪಿಕೊಂಡಿದ್ದೇವೆ. ನಿಜದಲ್ಲಿ ಅದು ಒಂದು ಲೆಕ್ಕದ ಉತ್ತರ. ಯಾರದೋ ರಕ್ತ ತೆಗೆದು, ಇನ್ಯಾರೋ ಕೂತು ಮಾಡಿದ ಲೆಕ್ಕ. ಅದರಲ್ಲಿ ಯಾರ ರಕ್ತ ಸೇರಿತ್ತು, ಯಾರದು ಸೇರಿರಲಿಲ್ಲ ಎಂಬುದರ ಮೇಲೆ ಕೆಲವೊಮ್ಮೆ ಜೀವವೇ ನಿಂತಿರುತ್ತದೆ.

ಸೇರದೆ ಉಳಿದವರ ಕತೆಗಳಲ್ಲಿ ಅತ್ಯಂತ ಘೋರವಾದದ್ದು ಅಮೆರಿಕದ ಲಾಸ್ ಏಂಜಲೀಸಿನದು. ದಿನ ತುಂಬದೆ ಹುಟ್ಟಿದ, ಸೋಂಕು ತಗಲುವ ಭಯವಿದ್ದ ಕೂಸುಗಳಿಗೆ ಮುಂಜಾಗ್ರತೆಯಾಗಿ ಆ್ಯಂಟಿಬಯಾಟಿಕ್ ಕೊಡುವ ರೂಢಿ ಆಗ ಅಲ್ಲಿತ್ತು. ಇದರಿಂದ ನಿಜಕ್ಕೂ ಉಪಯೋಗವಿದೆಯೇ ಎಂದು ನೋಡಲು ಕೌಂಟಿ ಆಸ್ಪತ್ರೆಯ ಬರ್ನ್ಸ್, ಹಾಡ್ಜ್‌ಮನ್, ಕ್ಯಾಸ್ ಎಂಬ ವೈದ್ಯರು ಕೂಸುಗಳನ್ನು ನಾಲ್ಕು ಗುಂಪು ಮಾಡಿದರು. ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ಪೆನಿಸಿಲಿನ್ ಮತ್ತು ಸ್ಟ್ರೆಪ್ಟೊಮೈಸಿನ್, ಒಂದಕ್ಕೆ ಕ್ಲೊರಾಂಫೆನಿಕಾಲ್, ಕೊನೆಯದಕ್ಕೆ ಮೂರೂ. 1959ರಲ್ಲಿ ಅಚ್ಚಾದ ಅವರ ವರದಿ ಓದಿದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಔಷಧವೇ ಇಲ್ಲದ ಗುಂಪಿನಲ್ಲಿ ತೀರಿಕೊಂಡವು ಸುಮಾರು ಐದಕ್ಕೊಂದು ಕೂಸು. ಪೆನಿಸಿಲಿನ್ ಗುಂಪಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಕ್ಲೊರಾಂಫೆನಿಕಾಲ್ ಪಡೆದ ಗುಂಪುಗಳಲ್ಲಿ ಐದಕ್ಕೆ ಮೂರು, ಅದಕ್ಕೂ ಹೆಚ್ಚು. ಮೊದಲೆರಡು ದಿನ ಚೆನ್ನಾಗಿಯೇ ಇದ್ದ ಕೂಸು ಮೂರನೆಯ ಅಥವಾ ನಾಲ್ಕನೆಯ ದಿನ ಹಾಲು ಬಿಡುತ್ತಿತ್ತು. ಹೊಟ್ಟೆ ಉಬ್ಬಿ, ಮೈ ಬೂದಿ ಬಣ್ಣಕ್ಕೆ ತಿರುಗಿ, ರಕ್ತದೊತ್ತಡ ಕುಸಿದು ಹೋಗಿಬಿಡುತ್ತಿತ್ತು. ‘ಗ್ರೇ ಬೇಬಿ ಸಿಂಡ್ರೋಮ್’ ಎಂಬ ಹೆಸರು ಬಿದ್ದದ್ದು ಆ ಬೂದಿ ಬಣ್ಣದಿಂದಲೇ.

ಮೂರನೆಯ ದಿನವೇ ಯಾಕೆ? ಉತ್ತರ ಔಷಧದ ಅರ್ಧಾಯುವಿನಲ್ಲಿದೆ. ರಕ್ತದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಹಿಡಿಯುವ ಹೊತ್ತಿಗೆ ಆ ಹೆಸರು. ನಾಲ್ಕೈದು ವರ್ಷದ ಮಗುವಿನಲ್ಲಿ ಕ್ಲೊರಾಂಫೆನಿಕಾಲ್‌ನ ಅರ್ಧಾಯು ಸುಮಾರು 4 ಗಂಟೆ. ಹುಟ್ಟಿ ಒಂದೆರಡು ದಿನವಾದ ಕೂಸಿನಲ್ಲಿ ಸುಮಾರು 26 ಗಂಟೆ. ಈ ಔಷಧವನ್ನು ಕರಗಿಸಿ ಮೂತ್ರದಲ್ಲಿ ಸಾಗಹಾಕಲು ಯಕೃತ್ತಿನಲ್ಲಿ ಒಂದು ಕಿಣ್ವ ಬೇಕು, ಅದು ಕೂಸಿನಲ್ಲಿ ಇನ್ನೂ ಕೆಲಸಕ್ಕೆ ಕೂತಿರುವುದಿಲ್ಲ. ಈಗ ಆರು ಗಂಟೆಗೊಮ್ಮೆ ಡೋಸು ಕೊಡುತ್ತಾ ಹೋದೆವು ಎಂದಿಟ್ಟುಕೊಳ್ಳೋಣ. ದೊಡ್ಡ ಮಗುವಿನಲ್ಲಿ ಮುಂದಿನ ಡೋಸು ಬರುವ ಹೊತ್ತಿಗೆ ಹಿಂದಿನದರಲ್ಲಿ ಮೂರನೇ ಒಂದು ಪಾಲಿನಷ್ಟು ಮಾತ್ರ ಉಳಿದಿರುತ್ತದೆ. ಎಷ್ಟು ದಿನ ಕೊಟ್ಟರೂ ರಕ್ತದ ಮಟ್ಟ ಮೊದಲ ಡೋಸಿನ ಒಂದೂವರೆ ಪಟ್ಟಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಕೂಸಿನಲ್ಲಿ ಶೇ. 85 ಹಾಗೇ ಉಳಿದಿರುತ್ತದೆ. ಅದರ ಮೇಲೆ ಇನ್ನೊಂದು ಡೋಸು, ಅದರ ಮೇಲೆ ಮತ್ತೊಂದು. ಗುಣಿಸಿ ನೋಡಿದರೆ ಮಟ್ಟ ಏರುತ್ತಾ ಹೋಗಿ ಮೊದಲ ಡೋಸಿನ ಆರೂಮುಕ್ಕಾಲು ಪಟ್ಟಿಗೆ ಮುಟ್ಟುತ್ತದೆ, ಆ ಎತ್ತರದ ಶೇ. 85 ಭಾಗವನ್ನು ಅದು ಏರಿ ಮುಗಿಸುವುದು 72ನೇ ಗಂಟೆಯ ಹೊತ್ತಿಗೆ. ಎಂದರೆ ಮೂರನೆಯ ದಿನದ ಕೊನೆಗೆ. ಸಾಲದ್ದಕ್ಕೆ ಡೋಸು ಕೂಡ ಚಿಕ್ಕದಿರಲಿಲ್ಲ, ದಿನಕ್ಕೆ ಕಿಲೋಗೆ 100 ಮಿಲಿಗ್ರಾಂ ಮೀರಿತ್ತು. ಪಿಯುಸಿ ವಿದ್ಯಾರ್ಥಿ ಮಾಡಬಹುದಾದ ಗುಣಾಕಾರ ಇದು. ಮಾಡಲು ಬೇಕಿದ್ದದ್ದು ಒಂದೇ ಒಂದು ಅಂಕಿ, ಕೂಸಿನ ಅರ್ಧಾಯು. ಅದನ್ನು ಯಾರೂ ಅಳೆದಿರಲಿಲ್ಲ.

ಅಳೆಯಬೇಕಿತ್ತು ಎನ್ನುವುದು ಸುಲಭ. ಅಳೆಯುವ ಕ್ರಮ ಹೇಗಿತ್ತು ನೋಡಿ. ಹನ್ನೆರಡು ಮಂದಿ ಆರೋಗ್ಯವಂತರನ್ನು ಕರೆದು, ಔಷಧ ಕೊಟ್ಟು, ಒಂದು ದಿನವಿಡೀ ಮತ್ತೆ ಮತ್ತೆ ರಕ್ತ ತೆಗೆಯುವುದು. ಸಂಖ್ಯಾಶಾಸ್ತ್ರದ ತರಗತಿಗಳಲ್ಲಿ ಇಂದಿಗೂ ಬಳಸುವ ಥಿಯೊಫಿಲಿನ್ ಎಂಬ ಉಬ್ಬಸದ ಔಷಧದ ದತ್ತಾಂಶ ಇಂಥದ್ದೇ. 12 ಜನ, ಪ್ರತಿಯೊಬ್ಬರಿಂದ 25 ಗಂಟೆಗಳಲ್ಲಿ 11 ಸಲ ರಕ್ತ. ಪ್ರತಿಯೊಬ್ಬರದ್ದೂ ಅಂದವಾದ ಒಂದು ಗೆರೆ, ಏರಿ ಇಳಿಯುವುದು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಒಂದು ಕಿಲೋ ತೂಕದ ಕೂಸಿನ ಮೈಯಲ್ಲಿರುವ ಒಟ್ಟು ರಕ್ತವೇ 80–90 ಮಿಲಿಲೀಟರ್. ಸಂಶೋಧನೆಗೆಂದು ಅದರಿಂದ ಹನ್ನೊಂದು ಸಲ ತೆಗೆಯುತ್ತೇನೆ ಎನ್ನುವ ವೈದ್ಯನ ಕೈಗೆ ಯಾವ ತಾಯಿಯೂ ಕೂಸು ಕೊಡುವುದಿಲ್ಲ, ಕೊಡಲೂಬಾರದು. ವಿಪರ್ಯಾಸ ಇಲ್ಲಿದೆ. ಡೋಸಿನ ಬಗ್ಗೆ ಅತಿ ಹೆಚ್ಚು ತಿಳಿಯಬೇಕಾದದ್ದು ಯಾರ ವಿಷಯದಲ್ಲೋ, ಅತಿ ಕಡಿಮೆ ರಕ್ತ ತೆಗೆಯಬಹುದಾದದ್ದೂ ಅವರಿಂದಲೇ. ಹಸುಗೂಸು, ಬಸುರಿ, ಮೂತ್ರಪಿಂಡ ಕೆಟ್ಟ ಮುದುಕರು, ಎಲ್ಲರದ್ದೂ ಇದೇ ಪಾಡು.

ಈ ಗಂಟು ಬಿಡಿಸಿದವರಲ್ಲಿ ಮೊದಲು ನೆನೆಯಬೇಕಾದ ಹೆಸರು ಲೂಯಿಸ್ ಶೈನರ್. ಸ್ಯಾನ್‌ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ವೈದ್ಯ, ಲೆಕ್ಕದ ಹುಚ್ಚಿನವರು. ಹೃದಯದ ಕಾಯಿಲೆಗೆ ಕೊಡುವ ಡಿಗಾಕ್ಸಿನ್ ಔಷಧದಲ್ಲಿ ಗುಣ ಕಾಣುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ನಡುವೆ ಜಾಗ ತೀರಾ ಕಿರಿದು. ಹಾಗಾಗಿ ಆಸ್ಪತ್ರೆಗಳಲ್ಲಿ ರೋಗಿಗಳ ರಕ್ತದ ಮಟ್ಟವನ್ನು ಹೇಗೂ ಆಗಾಗ ನೋಡುತ್ತಿದ್ದರು. ಒಬ್ಬರದ್ದು ಒಂದು ಸಲ, ಇನ್ನೊಬ್ಬರದ್ದು ಎರಡು ಸಲ, ಯಾವ್ಯಾವುದೋ ಹೊತ್ತಿನಲ್ಲಿ. ಫಾರ್ಮಕಾಲಜಿಯ ಪಂಡಿತರ ಕಣ್ಣಿಗೆ ಅದು ಕಸ. ಶೈನರ್ ಆ ಕಸದಲ್ಲೇ ರಸ ಕಂಡರು.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತೇವಲ್ಲ, ಆ ಮಾತು ನಡೆಯುವುದು ಪಾತ್ರೆ ಒಂದೇ ಆಗಿದ್ದಾಗ. ಇಲ್ಲಿ ಪ್ರತಿ ರೋಗಿಯೂ ಬೇರೆ ಪಾತ್ರೆ, ಬೇರೆ ಒಲೆ, ಬೇರೆ ಉರಿ. ಪ್ರತಿಯೊಂದರಿಂದಲೂ ಸಿಕ್ಕಿರುವುದು ಒಂದೋ ಎರಡೋ ಅಗುಳು. ಎಲ್ಲ ಅಗುಳನ್ನೂ ಒಂದೇ ತಟ್ಟೆಗೆ ಸುರಿದರೆ ಯಾವ ಪಾತ್ರೆಯದು ಯಾವುದು ಎಂಬುದೇ ಕಳೆದುಹೋಗುತ್ತದೆ. ಒಂದೊಂದು ಪಾತ್ರೆಗೂ ಬೇರೆಬೇರೆ ಲೆಕ್ಕ ಮಾಡೋಣವೆಂದರೆ ಒಂದು ಅಗುಳಿನಿಂದ ಗೆರೆ ಎಳೆಯಲಾಗದು. ಶೈನರ್ ಹಿಡಿದದ್ದು ಇವೆರಡರ ನಡುವಿನ ದಾರಿ. ಎಲ್ಲರ ದೇಹವೂ ಔಷಧವನ್ನು ಹೊರಹಾಕುವ ರೀತಿ ಒಂದೇ ಬಗೆಯ ಸಮೀಕರಣಕ್ಕೆ ಒಳಪಟ್ಟದ್ದು, ಆದರೆ ಆ ಸಮೀಕರಣದೊಳಗಿನ ಅಂಕಿಗಳು ಆಳಿನಿಂದ ಆಳಿಗೆ ಬದಲಾಗುತ್ತವೆ ಎಂದು ಇಟ್ಟುಕೊಂಡರು. ಆ ಬದಲಾವಣೆಯಲ್ಲಿ ಒಂದಷ್ಟಕ್ಕೆ ಕಾರಣ ಹೇಳಬಹುದು: ತೂಕ, ವಯಸ್ಸು, ಮೂತ್ರಪಿಂಡದ ಶಕ್ತಿ. ಕಾರಣ ಹೇಳಲಾಗದ ಮಿಕ್ಕ ವ್ಯತ್ಯಾಸಕ್ಕೂ ಒಂದು ಹರಹು ಉಂಟು, ಆ ಹರಹನ್ನೂ ಅಳೆಯಬಹುದು. ಅದರಾಚೆಗೆ ಉಳಿಯುವುದು ಲ್ಯಾಬಿನ ತಪ್ಪು, ಬರೆದುಕೊಂಡವರ ತಪ್ಪು. ಈ ಮೂರನ್ನೂ ಬೇರೆಬೇರೆಯಾಗಿ ಇಟ್ಟು, ಎಲ್ಲರ ಚೂರುಪಾರು ಅಳತೆಗಳನ್ನೂ ಒಟ್ಟಿಗೇ ಲೆಕ್ಕಕ್ಕೆ ಹಾಕಿದರೆ ಒಬ್ಬರಿಂದ ಒಂದೇ ಸಲ ರಕ್ತ ತೆಗೆದಿದ್ದರೂ ಅದು ವ್ಯರ್ಥವಾಗುವುದಿಲ್ಲ. ಅವರವರಲ್ಲಿ ಇರುವ ವ್ಯತ್ಯಾಸವನ್ನು ಸರಾಸರಿಯ ಕೆಳಗೆ ಮುಚ್ಚಿಡುವ ಬದಲು ಅದನ್ನೇ ಅಳೆಯಬೇಕಾದ ವಸ್ತುವನ್ನಾಗಿ ಮಾಡಿಕೊಂಡದ್ದು ಇದರ ಹೆಚ್ಚುಗಾರಿಕೆ.

ಈ ವಿಚಾರ ಮಂಡಿಸಿದ 1977ರ ಪ್ರಬಂಧದಲ್ಲಿ ಶೈನರ್ ಜೊತೆ ಇನ್ನಿಬ್ಬರ ಹೆಸರಿದೆ: ಬಾರ್ ರೋಸೆನ್‌ಬರ್ಗ್ ಮತ್ತು ವಿನಯ್ ಮರಾಠೆ. ಇಬ್ಬರೂ ವೈದ್ಯರಲ್ಲ. ಬರ್ಕ್ಲಿಯಲ್ಲಿ ಷೇರು ಮಾರುಕಟ್ಟೆಯ ಏರಿಳಿತದ ಗಣಿತ ಮಾಡುತ್ತಿದ್ದವರು. ನೂರಾರು ಕಂಪನಿಗಳ ಷೇರುಗಳು ಒಂದೇ ಗಾಳಿಗೆ ಬೇರೆಬೇರೆ ರೀತಿ ಅಲುಗುವುದನ್ನು ಲೆಕ್ಕ ಹಾಕುವ ವಿದ್ಯೆ, ನೂರಾರು ರೋಗಿಗಳ ದೇಹ ಒಂದೇ ಔಷಧಕ್ಕೆ ಬೇರೆಬೇರೆ ರೀತಿ ಪ್ರತಿಕ್ರಿಯಿಸುವುದನ್ನು ಲೆಕ್ಕ ಹಾಕಲು ಒದಗಿಬಂತು. ದಲಾಲ್ ಸ್ಟ್ರೀಟಿನ ಮಂದಿಯಿಂದ ಆಸ್ಪತ್ರೆಗೆ ಉಪಕಾರ ಆದೀತು ಎಂದು ಯಾರು ತಾನೆ ಎಣಿಸಿದ್ದರು! ಮುಂದೆ ಶೈನರ್ ಸ್ಟುವರ್ಟ್ ಬೀಲ್ ಎಂಬ ಗಣಿತಜ್ಞರೊಡನೆ ಸೇರಿ ಇದಕ್ಕೆ ಫೋರ್ಟ್ರಾನ್ ಭಾಷೆಯಲ್ಲಿ ನಾನ್‌ಮೆಮ್ ಎಂಬ ತಂತ್ರಾಂಶ ಬರೆದರು. ಇವತ್ತಿಗೂ ಔಷಧ ಕಂಪನಿಗಳಲ್ಲಿ ಅದು ಓಡುತ್ತಿದೆ. 1999ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗೆಯ ಲೆಕ್ಕಕ್ಕೇ ಒಂದು ಮಾರ್ಗಸೂಚಿ ಹೊರಡಿಸಿತು.

ಕೂಸುಗಳಿಗೆ ಇದರಿಂದ ಏನಾಯಿತು ಎಂಬುದಕ್ಕೆ 1985ರ ಒಂದು ಅಧ್ಯಯನ ನನಗೆ ಬಲು ಇಷ್ಟ. ಗ್ರಸೇಲಾ ಮತ್ತು ಡಾನ್ ಎಂಬಿಬ್ಬರು ಫಿಟ್ಸ್ ಬಾರದಿರಲಿ ಎಂದು ಫಿನೊಬಾರ್ಬಿಟಾಲ್ ಕೊಟ್ಟ 59 ನವಜಾತ ಶಿಶುಗಳ ಚಾರ್ಟುಗಳನ್ನು ತೆಗೆದುಕೊಂಡರು. ನಮ್ಮಲ್ಲಿ ಗಾರ್ಡಿನಾಲ್ ಎಂದು ಸಿಗುವುದು ಇದೇ ಔಷಧ. ಸಂಶೋಧನೆಗೆಂದು ಬೇರೆಯಾಗಿ ರಕ್ತ ತೆಗೆದಿರಲಿಲ್ಲ. ಚಿಕಿತ್ಸೆಯ ಭಾಗವಾಗಿ ಒಂದು ಕೂಸಿನಿಂದ ಒಂದು, ಇನ್ನೊಂದರಿಂದ ಹೆಚ್ಚೆಂದರೆ ಆರು ಅಳತೆ, ಒಟ್ಟು 155. ಅಷ್ಟರಿಂದ ಎರಡು ಅಂಕಿ ಹೊರಬಿದ್ದವು. ಔಷಧ ಹರಡಿಕೊಳ್ಳುವ ಜಾಗ ಕಿಲೋಗೆ 0.96 ಲೀಟರ್. ಗಂಟೆಗೆ ದೇಹ ಶುಚಿ ಮಾಡುವ ರಕ್ತದ ಅಳತೆ, ವೈದ್ಯರ ಮಾತಿನಲ್ಲಿ ಕ್ಲಿಯರೆನ್ಸ್, ಕಿಲೋಗೆ 0.0047 ಲೀಟರ್.

ಈ ಎರಡು ಅಂಕಿ ಸಿಕ್ಕರೆ ಮಿಕ್ಕಿದ್ದು ಕಾಗದ ಪೆನ್ಸಿಲಿನ ಕೆಲಸ. ಅರ್ಧಾಯು ಸುಮಾರು 141 ಗಂಟೆ, ಎಂದರೆ ಹತ್ತಿರಹತ್ತಿರ ಆರು ದಿನ. ದಿನಾ ಸ್ವಲ್ಪ ಸ್ವಲ್ಪ ಕೊಡುತ್ತಾ ಹೋದರೆ ಮಟ್ಟ ನೆಲೆಗೊಳ್ಳಲು ಮೂರು ವಾರಕ್ಕೂ ಮಿಕ್ಕಿ ಬೇಕು, ಫಿಟ್ಸ್ ಅಷ್ಟು ದಿನ ಕಾಯುವುದಿಲ್ಲ. ಹಾಗಾಗಿ ಮೊದಲೇ ಒಂದು ದೊಡ್ಡ ಡೋಸು ಕೊಡಬೇಕು. ಎಷ್ಟು? ರಕ್ತದಲ್ಲಿ ಲೀಟರಿಗೆ 20 ಮಿಲಿಗ್ರಾಂ ಬೇಕೆಂದರೆ 20ನ್ನು 0.96ರಿಂದ ಗುಣಿಸಿ: ಕಿಲೋಗೆ ಸುಮಾರು 19 ಮಿಲಿಗ್ರಾಂ. ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳಲ್ಲಿ ‘ಕಿಲೋಗೆ 20’ ಎಂದು ಬಾಯಿಪಾಠವಾಗಿರುವ ಲೋಡಿಂಗ್ ಡೋಸು ಇದಕ್ಕೆ ಎಷ್ಟು ಹತ್ತಿರ ನೋಡಿ. ಆಮೇಲೆ ದಿನಾ ಕೊಡಬೇಕಾದದ್ದು ದೇಹ ಹೊರಹಾಕುವಷ್ಟನ್ನು ಮಾತ್ರ: 0.0047 ಗುಣಿಸು 20 ಗುಣಿಸು 24 ಗಂಟೆ, ಕಿಲೋಗೆ ಎರಡೂಕಾಲು ಮಿಲಿಗ್ರಾಂ. ಹುಟ್ಟಿದ ಐದನೇ ನಿಮಿಷಕ್ಕೆ ನೋಡುವ ಆಪ್ಗಾರ್ ಅಂಕ ಐದಕ್ಕಿಂತ ಕಡಿಮೆಯಿದ್ದ, ಅಂದರೆ ಉಸಿರಿಗೆ ಕಷ್ಟಪಟ್ಟ ಕೂಸುಗಳಲ್ಲಿ ಔಷಧ ಹರಡುವ ಜಾಗ ಶೇ. 13ರಷ್ಟು ದೊಡ್ಡದು ಎಂಬುದೂ ಇದೇ ಲೆಕ್ಕದಲ್ಲಿ ಕಂಡಿತು. ಈ ದತ್ತಾಂಶ ಆರ್ ಎಂಬ ಉಚಿತ ತಂತ್ರಾಂಶದ ಜೊತೆಗೇ ಬರುತ್ತದೆ, ಕುತೂಹಲವಿದ್ದ ವಿದ್ಯಾರ್ಥಿ ತನ್ನ ಲ್ಯಾಪ್‌ಟಾಪಿನಲ್ಲೇ ಮಾಡಿ ನೋಡಬಹುದು.

ಕೂಸು ಬೆಳೆದು ಮಗುವಾದ ಮೇಲೆ ಕತೆ ತಿರುವುಮುರುವು. ಹಸುಗೂಸಿನಲ್ಲಿ ಹೆಚ್ಚಾದರೆ ಕಷ್ಟ, ಒಂದೆರಡು ವರ್ಷದ ಮಗುವಿಗೆ ಕಡಿಮೆಯಾದರೆ ಕಷ್ಟ. ದೊಡ್ಡವರ ಡೋಸನ್ನು ತೂಕದಿಂದ ಭಾಗಿಸಿ ಮಕ್ಕಳಿಗೆ ಕೊಟ್ಟರೆ ಸರಿಹೋಗುತ್ತದೆ ಎಂದು ಬಹುಕಾಲ ನಂಬಿದ್ದರು. ಆದರೆ ದೇಹದ ಕೆಲಸದ ವೇಗ ತೂಕದಷ್ಟೇ ಪ್ರಮಾಣದಲ್ಲಿ ಏರುವುದಿಲ್ಲ, ತೂಕದ ಮುಕ್ಕಾಲನೇ ಘಾತಕ್ಕೆ ತಕ್ಕಂತೆ ಏರುತ್ತದೆ. 70 ಕಿಲೋ ದೊಡ್ಡವರ ಪಕ್ಕದಲ್ಲಿ 10 ಕಿಲೋ ಮಗುವನ್ನು ನಿಲ್ಲಿಸಿ ಲೆಕ್ಕ ಹಾಕಿದರೆ, ಕಿಲೋಗೆ ಇಷ್ಟು ಎಂಬ ಲೆಕ್ಕದಲ್ಲಿ ಮಗುವಿನ ದೇಹ ಔಷಧವನ್ನು ಒಂದು ಪಾಯಿಂಟ್ ಆರು ಪಟ್ಟು ಬೇಗ ಹೊರಹಾಕುತ್ತದೆ. ಮಕ್ಕಳ ಕ್ಷಯದಲ್ಲಿ ಇದರ ಬೆಲೆ ತೆತ್ತದ್ದುಂಟು. ಐಸೊನಿಯಾಜಿಡ್ ಕಿಲೋಗೆ 5 ಮಿಲಿಗ್ರಾಂ, ರಿಫಾಂಪಿಸಿನ್ 10 ಎಂದು ದೊಡ್ಡವರ ಲೆಕ್ಕವನ್ನೇ ಮಕ್ಕಳಿಗೂ ಹಚ್ಚಿದ್ದರು. ರಕ್ತದ ಮಟ್ಟ ನೋಡಿದರೆ ಮಕ್ಕಳಲ್ಲಿ ಸಾಲುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಅದನ್ನು 10 ಮತ್ತು 15ಕ್ಕೆ ಏರಿಸಿತು. ಆ ಔಷಧಗಳು ಬಳಕೆಗೆ ಬಂದು ಅಷ್ಟರಲ್ಲಿ ದಶಕಗಳೇ ಕಳೆದಿದ್ದವು.

ಐಸೊನಿಯಾಜಿಡ್ ವಿಷಯಕ್ಕೆ ಬಂದರೆ ನಮ್ಮ ನೆರೆಯ ಮದರಾಸನ್ನು ಬಿಡುವ ಹಾಗಿಲ್ಲ. 1956ರಲ್ಲಿ ಅಲ್ಲಿ ಶುರುವಾದ ಕ್ಷಯ ಚಿಕಿತ್ಸಾ ಕೇಂದ್ರ, ಈ ಔಷಧವನ್ನು ನಿಧಾನವಾಗಿ ಕರಗಿಸುವವರು ಮತ್ತು ಬೇಗ ಕರಗಿಸುವವರು ಎಂಬ ಎರಡು ಬಗೆಯನ್ನು ಆಳವಾಗಿ ಅಧ್ಯಯನ ಮಾಡಿತು. ದಕ್ಷಿಣ ಭಾರತೀಯರಲ್ಲಿ ಹತ್ತರಲ್ಲಿ ಸುಮಾರು ಆರು ಮಂದಿ ನಿಧಾನದವರು. ಅಂದರೆ ಒಂದೇ ಮಾತ್ರೆ ಒಂದೇ ಮನೆಯ ಇಬ್ಬರಲ್ಲಿ ಎರಡು ಡೋಸಿನಂತೆ ನಡೆದುಕೊಳ್ಳಬಹುದು. ಇಂಥ ಕಡೆ ಸರಾಸರಿ ತೆಗೆದರೆ ಅದು ಎರಡೂ ಗುಂಪಿಗೆ ಹೊಂದದ ಅಂಕಿ. ಹೊಳೆಯ ಸರಾಸರಿ ಆಳ ನಂಬಿ ದಾಟುವವರ ಗತಿಯೇ.

ಇಷ್ಟೆಲ್ಲ ಹೊಗಳಿದ ಮೇಲೆ ಇದರ ಅಡಿಪಾಯ ಎಷ್ಟು ನಾಜೂಕು ಎಂಬುದನ್ನೂ ಹೇಳಬೇಕು. ಔಷಧ ಕೊಟ್ಟದ್ದು ಯಾವಾಗ, ರಕ್ತ ತೆಗೆದದ್ದು ಯಾವಾಗ ಎಂಬ ಎರಡು ವೇಳೆಗಳ ಮೇಲೆ ಇಡೀ ಲೆಕ್ಕ ನಿಂತಿದೆ. ವಾರ್ಡಿನಲ್ಲಿ ಏನಾಗುತ್ತದೆ? ಎಂಟು ಗಂಟೆಯ ಇಂಜೆಕ್ಷನ್ ಎಂದು ಚಾರ್ಟಿನಲ್ಲಿದೆ. ಒಬ್ಬರೇ ಸಿಸ್ಟರ್, ಇಪ್ಪತ್ತು ಹಾಸಿಗೆ, ನಡುವೆ ಒಂದು ಎಮರ್ಜೆನ್ಸಿ. ಕೊಟ್ಟದ್ದು ಒಂಬತ್ತೂವರೆಗೆ, ಬರೆದದ್ದು ‘8’. ಫಿನೊಬಾರ್ಬಿಟಾಲ್‌ನಂಥ ಆರು ದಿನದ ಅರ್ಧಾಯುವಿನ ಔಷಧಕ್ಕೆ ಈ ಒಂದೂವರೆ ಗಂಟೆ ಲೆಕ್ಕಕ್ಕಿಲ್ಲ. ಎರಡು ಗಂಟೆಯಲ್ಲಿ ಅರ್ಧಕ್ಕಿಳಿಯುವ ಔಷಧವಾದರೆ ಫಲಿತಾಂಶ ಅಡಿಮೇಲು. ತಂತ್ರಾಂಶಕ್ಕೆ ಇದು ಗೊತ್ತಾಗುವುದಿಲ್ಲ, ಈ ರೋಗಿಯ ಮೂತ್ರಪಿಂಡವೇ ಬೇರೆ ಎಂದುಕೊಳ್ಳುತ್ತದೆ. ಇನ್ನೊಂದು ತೊಂದರೆ, ಹೀಗೆ ಕಟ್ಟಿದ ಲೆಕ್ಕದ ಮಾದರಿ, ಎಂದರೆ ಮಾಡೆಲ್, ತಾನು ಕಂಡವರ ಬಗ್ಗೆ ಮಾತ್ರ ಹೇಳಬಲ್ಲದು. ಅಪೌಷ್ಟಿಕತೆಯಿಂದ ಸೊರಗಿದ ಮಗು ಅದರ ಮೂಲ ದತ್ತಾಂಶದಲ್ಲಿ ಇರಲಿಲ್ಲವೆಂದರೆ ಆ ಮಗುವಿಗೆ ಅದು ಕೊಡುವ ಉತ್ತರ ಊಹೆ. ಉತ್ತರ ಮಾತ್ರ ಮೂರು ದಶಮಾಂಶದವರೆಗೆ ಠಾಕುಠೀಕಾಗಿ ಬರುತ್ತದೆ, ಅಪಾಯ ಇರುವುದು ಅಲ್ಲೇ.

ಲೆಕ್ಕ ಯಾರ ಕೈಯಲ್ಲಿದೆ ಎಂಬುದೂ ಮುಖ್ಯ. ಕ್ಯಾನ್ಸರಿಗೆ ಕೊಡುವ ಪೆಂಬ್ರೊಲಿಜುಮ್ಯಾಬ್ 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದಾಗ ಡೋಸು ಮೂರು ವಾರಕ್ಕೊಮ್ಮೆ ಕಿಲೋಗೆ 2 ಮಿಲಿಗ್ರಾಂ. ಆಮೇಲೆ ತೂಕದ ಗೊಡವೆ ಬಿಟ್ಟು ಎಲ್ಲರಿಗೂ 200 ಮಿಲಿಗ್ರಾಂ ಎಂದಾಯಿತು. 2020ರಲ್ಲಿ ಆರು ವಾರಕ್ಕೊಮ್ಮೆ 400 ಮಿಲಿಗ್ರಾಂ ಕೊಡಲೂ ಒಪ್ಪಿಗೆ ಸಿಕ್ಕಿತು. ಅದಕ್ಕೆ ಮುಖ್ಯ ಆಧಾರ ಹೊಸ ದೊಡ್ಡ ಪ್ರಯೋಗವಲ್ಲ, ಕಂಪ್ಯೂಟರಿನಲ್ಲಿ ಓಡಿಸಿದ ಇದೇ ಬಗೆಯ ಮಾಡೆಲ್. ರೋಗಿ ಆಸ್ಪತ್ರೆಗೆ ಅಲೆಯುವುದು ಅರ್ಧಕ್ಕಿಳಿಯಿತು, ಕೋವಿಡ್ ಕಾಲದಲ್ಲಿ ಅದು ಸಣ್ಣ ಮಾತಲ್ಲ. ತೂಕ ಬದಲಾದರೂ ರಕ್ತದ ಮಟ್ಟ ಒಂದೇ ಹರಹಿನೊಳಗೆ ಇರುತ್ತದೆ ಎಂದು ಮಾಡೆಲ್ ಹೇಳಿದ್ದೂ ಸುಳ್ಳಲ್ಲ. ಆದರೆ ಕಿಲೋಗೆ 2ರಿಂದ 10 ಮಿಲಿಗ್ರಾಂವರೆಗೆ ಎಷ್ಟು ಕೊಟ್ಟರೂ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣದಿದ್ದಾಗ, ಎಲ್ಲರಿಗೂ ಒಂದೇ ಡೋಸು ಎಂದು ಮಾಡುವವರು ಇನ್ನೂ ಚಿಕ್ಕದೊಂದನ್ನು ಆರಿಸಬಹುದಿತ್ತಲ್ಲ? 200 ಆರಿಸಿದರು. 100 ಕಿಲೋ ತೂಕದವರಿಗೆ ಅದೇ ಹಳೆಯ ಡೋಸು. ನಮ್ಮಲ್ಲಿ ಕಾಯಿಲೆಯಿಂದ ಇಳಿದು 50 ಕಿಲೋಗೆ ಬಂದ ರೋಗಿಗೆ ಹಳೆಯ ಲೆಕ್ಕದಲ್ಲಿ ಬೇಕಿದ್ದದ್ದು 100 ಮಿಲಿಗ್ರಾಮಿನ ಒಂದು ವಯಲ್, ಹೊಸ ಲೆಕ್ಕದಲ್ಲಿ ಎರಡು. ಒಂದೊಂದು ವಯಲಿನ ಬೆಲೆಗೆ ಹೊಲ ಮಾರುವ ಸ್ಥಿತಿ ಇರುವ ಕಡೆ ಇದು ಬರೀ ಗಣಿತವಲ್ಲ.

ಇದೇ ಪ್ರಶ್ನೆಯನ್ನು ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು ಬೇರೊಂದು ಔಷಧದಲ್ಲಿ ಕೈಗೆತ್ತಿಕೊಂಡರು. ತಂಬಾಕು, ಗುಟ್ಕಾ ನಮ್ಮ ದೇಶಕ್ಕೆ ತಂದಿಟ್ಟ ಬಾಯಿ–ಗಂಟಲ ಕ್ಯಾನ್ಸರು ಮುಂದುವರಿದವರಿಗೆ ನಿವೊಲುಮ್ಯಾಬ್ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ ಕೊಡುವುದು ವಾಡಿಕೆ. ಅವರು ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ಕೊಟ್ಟರು. ಒಟ್ಟು ಲೆಕ್ಕ ಹಾಕಿದರೆ ಹದಿನೆಂಟರಲ್ಲಿ ಒಂದು ಪಾಲು. ಈ ಔಷಧ ಅಂಟಿಕೊಳ್ಳುವ ಜೀವಕೋಶದ ಜಾಗಗಳು ತೀರಾ ಚಿಕ್ಕ ಡೋಸಿಗೇ ತುಂಬಿಹೋಗುತ್ತವೆ ಎಂಬ ಹಳೆಯ ಮಾಹಿತಿಯೇ ಅವರಿಗೆ ಧೈರ್ಯ. 2023ರಲ್ಲಿ ಅಚ್ಚಾದ ಆ ಪ್ರಯೋಗದಲ್ಲಿ 151 ರೋಗಿಗಳಿದ್ದರು. ಅಗ್ಗದ ಮಾತ್ರೆಗಳ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಒಂದು ವರ್ಷ ಬದುಕಿದವರು ಶೇ. 16.3, ಅದರ ಜೊತೆ ಈ ಚಿಕ್ಕ ಡೋಸನ್ನೂ ಪಡೆದವರಲ್ಲಿ ಶೇ. 43.4.

ಚಿಕ್ಕ ಡೋಸು ಪೂರ್ತಿ ಡೋಸಿಗೆ ಸಮ ಎಂದು ಇದರಿಂದ ಸಾಬೀತಾಗಲಿಲ್ಲ, ಯಾಕೆಂದರೆ ಅವೆರಡನ್ನು ಎದುರುಬದುರು ನಿಲ್ಲಿಸಿ ನೋಡಿರಲಿಲ್ಲ. ನಿಲ್ಲಿಸಿ ನೋಡುವ ಪ್ರಯೋಗಕ್ಕೆ ಔಷಧ ತಯಾರಕರು ದುಡ್ಡು ಹಾಕುತ್ತಾರೆ ಎಂದು ಕಾಯುವುದು ದಡ್ಡತನ, ತಮ್ಮ ಮಾರಾಟವನ್ನು ಹದಿನೆಂಟನೇ ಒಂದಕ್ಕೆ ಇಳಿಸುವ ಲೆಕ್ಕವನ್ನು ತಾವೇ ಯಾಕೆ ಮಾಡಿಯಾರು? ಅದನ್ನು ಮಾಡಬೇಕಾದವರು ನಮ್ಮ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಗಳು, ವೈದ್ಯಕೀಯ ಸಂಶೋಧನಾ ಮಂಡಳಿ. ಮಾಡುವಾಗ ಪ್ರತಿ ರೋಗಿಯಿಂದ ಹತ್ತಾರು ಸಲ ರಕ್ತ ತೆಗೆಯಬೇಕಾಗಿಲ್ಲ, ಎರಡು ಸಲ ಸಾಕು. ತೆಗೆದ ವೇಳೆಯನ್ನು ಗಡಿಯಾರ ನೋಡಿ ಬರೆಯಲು ವಾರ್ಡಿಗೆ ಇನ್ನೊಬ್ಬ ಸಿಸ್ಟರನ್ನು ನೇಮಿಸಿದರಾಯಿತು.